ನಡತೆಯೂ ನಡವಳಿಯೂ: ಶಿಕ್ಷಕರ ಸೇವಾನಿಯಮಗಳ ವಿವೇಚನೆ

ಕನ್ನಡದಲ್ಲಿ ‘ನಡೆ’ ಎಂಬುದು ಅರ್ಥಸಂಪನ್ನವಾದ ಧಾತುಗಳಲ್ಲೊಂದು. ಕಾಲಿನಿಂದ ದಾರಿಯನ್ನು ಕ್ರಮಿಸುವುದೂ ನಡೆ, ಬಾಳಿನಲ್ಲಿ ಒಂದು ರೀತಿಯನ್ನು ಹಿಡಿದು ಸಾಗುವುದೂ ನಡೆ. ಅದರಿಂದ ‘ನಡತೆ’ ಬಂದಿದೆ, ‘ನಡವಳಿಕೆ’ ಬಂದಿದೆ, ಸರ್ಕಾರದ ಕಚೇರಿಗಳಲ್ಲಿ ದಿನನಿತ್ಯವೂ ಕಾಣಬರುವ ‘ನಡವಳಿ’ ಎಂಬ ಮಾತೂ ಬಂದಿದೆ. ನೌಕರನು ಹೇಗೆ ವರ್ತಿಸಬೇಕೆಂದು ವಿಧಿಸುವ ನಿಯಮಗಳಿಗೆ ‘ನಡತೆ ನಿಯಮಗಳು’ ಎಂದು ಹೆಸರು. ಅಧಿಕಾರದ ಸ್ಥಾನವು ಒಂದು ವಿಷಯವನ್ನು ಪರಿಶೀಲಿಸಿ, ಕಾರಣಗಳನ್ನು ಕಾಣಿಸಿ, ಆಜ್ಞೆ ಹೊರಡಿಸಿದ ಕ್ರಮವನ್ನು ದಾಖಲಿಸುವ ಕಾಗದಕ್ಕೆ ‘ನಡವಳಿಗಳು’ ಎಂದು ಶಿರೋನಾಮೆ. ಮೊದಲನೆಯದು ನೌಕರನ ನಡೆ. ಎರಡನೆಯದು ಅಧಿಕಾರದ ನಡೆ. ಧಾತು ಮಾತ್ರ ಒಂದೇ.

ಶಿಕ್ಷಕರ ವಿಷಯದಲ್ಲಿ ಈ ಎರಡರ ಪೈಕಿ ಮೊದಲನೆಯದನ್ನು ಕುರಿತು ಉಪದೇಶಗಳು ಹೇರಳವಾಗಿವೆ. ಶಿಕ್ಷಕನು ಸಮಯಪಾಲಕನಾಗಿರಬೇಕು, ನಿಸ್ಪೃಹನಾಗಿರಬೇಕು, ಮಕ್ಕಳಿಗೆ ಮೇಲ್ಪಂಕ್ತಿಯಾಗಿರಬೇಕು ಎಂದು ಹೇಳದ ಸಭೆಯಿಲ್ಲ. ಎರಡನೆಯದನ್ನು ಕುರಿತ ಮಾತು ವಿರಳ. ಶಿಕ್ಷಕನ ಮೇಲೆ ಅಧಿಕಾರವುಳ್ಳವರು ಹೇಗೆ ನಡೆಯಬೇಕು, ತಪ್ಪನ್ನು ಹೇಗೆ ಎಣಿಸಬೇಕು, ದಂಡನೆಯನ್ನು ಯಾವ ಮೆಟ್ಟಿಲುಗಳ ಮೂಲಕ ಏರಿ ತಲಪಬೇಕು ಎಂಬುದನ್ನೂ ಅದೇ ಶಾಸನಗಳು ಅಷ್ಟೇ ಸ್ಪಷ್ಟವಾಗಿ ಹೇಳುತ್ತವೆ. ಸೇವಾನಿಯಮವೆಂದರೆ ನೌಕರನೊಬ್ಬನಿಗೇ ಹಾಕಿದ ಕಡಿವಾಣವಲ್ಲ. ಅದು ಕೆಲಸ ಮಾಡುವ ಕೈಯನ್ನೂ ಶಿಕ್ಷಿಸುವ ಕೈಯನ್ನೂ ಸಮನಾಗಿ ಕಟ್ಟುವ ಹಗ್ಗ. ಈ ಮಾತನ್ನು ಶಾಲೆಯ ಉಪಾಧ್ಯಾಯವರ್ಗವೂ ಆಡಳಿತ ಮಂಡಳಿಯೂ ದಾನಿಗಳೂ ಮನಗಾಣುವುದು ಆವಶ್ಯಕ.

ಮೂರು ಬಗೆಯ ಶಾಲೆಗಳು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ವಿದ್ಯಾದಾನದ ಪರಂಪರೆ ಇಂದು ನಿನ್ನೆಯದಲ್ಲ. ಊರಿನವರು ಕೊಟ್ಟ ಕಾಳುಕಡ್ಡಿಯಿಂದ ಅಯ್ಯನವರು ನಡೆಸುತ್ತಿದ್ದ ಕೂಲಿಮಠಗಳ ಕಾಲವೊಂದಿತ್ತು. 1913ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣ ಶಾಸನವನ್ನು ಮಾಡಿತು. ಸ್ವಾತಂತ್ರ್ಯಾನಂತರ ಮಠಗಳೂ ಸಂಘಗಳೂ ಈ ಕಾರ್ಯಕ್ಕೆ ಹೆಗಲು ಕೊಟ್ಟವು. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಆಶ್ರಯದಲ್ಲಿ 1954ರಲ್ಲಿ ಸ್ಥಾಪಿತವಾದ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವು ಇದಕ್ಕೆ ಪ್ರಸಿದ್ಧ ನಿದರ್ಶನ. ಇಂದು ಈ ತಾಲ್ಲೂಕುಗಳಲ್ಲಿ, ನಾಡಿನ ಉಳಿದೆಡೆಗಳಲ್ಲಿರುವಂತೆಯೇ, ಸರ್ಕಾರಿ ಶಾಲೆ, ಅನುದಾನಿತ ಶಾಲೆ, ಅನುದಾನರಹಿತ ಶಾಲೆ ಎಂಬ ಮೂರು ಬಗೆಗಳಿವೆ. ಮೂರರಲ್ಲಿಯೂ ಕುಳಿತಿರುವ ಮಗು ಒಂದೇ, ಕಲಿಸುವ ಅಕ್ಷರವೂ ಒಂದೇ. ಆದರೆ ಕಲಿಸುವವನು ಯಾರ ನೌಕರ, ಯಾವ ನಿಯಮಕ್ಕೆ ಅಧೀನ ಎಂಬುದು ಬೇರೆ ಬೇರೆ.

ಸರ್ಕಾರಿ ಶಾಲೆಯ ಶಿಕ್ಷಕನು ರಾಜ್ಯದ ಸಿವಿಲ್ ಸೇವಕ. ಸಂವಿಧಾನದ 309ನೆಯ ಅನುಚ್ಛೇದವು ಅಂತಹವರ ನೇಮಕ ಮತ್ತು ಸೇವಾಷರತ್ತುಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಶಿಸ್ತುಕ್ರಮ ಮತ್ತು ಮೇಲ್ಮನವಿಗಳನ್ನು 1957ರ ಸಿವಿಲ್ ಸೇವಾ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು ಹೇಳುತ್ತವೆ. ನಡತೆಯನ್ನು 1966ರ ನಿಯಮಗಳು ದೀರ್ಘಕಾಲ ನಿರ್ದೇಶಿಸಿದವು. 2021ರಲ್ಲಿ ಅವುಗಳ ಸ್ಥಾನಕ್ಕೆ ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು ಬಂದವು.

ಅನುದಾನಿತ ಶಾಲೆಯ ಶಿಕ್ಷಕನ ಸ್ಥಿತಿ ವಿಲಕ್ಷಣವಾದುದು. ವೇತನ ಸರ್ಕಾರದ ಬೊಕ್ಕಸದಿಂದ ಬರುತ್ತದೆ. ನೇಮಕ ಮತ್ತು ಶಿಸ್ತಿನ ಅಧಿಕಾರ ಆಡಳಿತ ಮಂಡಳಿಯದು. ಎರಡು ಮನೆಯ ನೆಂಟನಂತೆ ಆತನು ಎರಡು ಕಡೆಗೂ ಉತ್ತರವಾದಿ. ಇವರ ಮತ್ತು ಅನುದಾನರಹಿತ ಶಾಲೆಯವರ ಸೇವೆಯನ್ನು ಮುಖ್ಯವಾಗಿ 1983ರ ಕರ್ನಾಟಕ ಶಿಕ್ಷಣ ಕಾಯಿದೆ ರಕ್ಷಿಸುತ್ತದೆ. 1983ರಲ್ಲಿ ರಚಿತವಾದರೂ ಅದು ಜಾರಿಗೆ ಬಂದದ್ದು 1995ರ ಜನವರಿ 20ರಂದು. ಅದಕ್ಕೆ ಮೊದಲು ಈ ಕೆಲಸವನ್ನು ಮಾಡುತ್ತಿದ್ದುದು 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ (ಶಿಸ್ತು ಮತ್ತು ನಿಯಂತ್ರಣ) ಕಾಯಿದೆ.

ಶಿಕ್ಷಕನಿಂದ ನಿಯಮವು ಬಯಸುವುದು

ನಡತೆ ನಿಯಮಗಳ ತಳಹದಿ ಮೂರು ಮಾತುಗಳಲ್ಲಿ ಅಡಗಿದೆ: ಸಂಪೂರ್ಣ ಋಜುತ್ವ, ಕರ್ತವ್ಯನಿಷ್ಠೆ, ನೌಕರನಿಗೆ ತಕ್ಕುದಲ್ಲದ ಯಾವುದನ್ನೂ ಮಾಡದಿರುವುದು. ಉಳಿದ ವಿಧಿನಿಷೇಧಗಳೆಲ್ಲ ಈ ಮೂರರ ವಿಸ್ತಾರ. ಸರ್ಕಾರಿ ಶಿಕ್ಷಕನು ರಾಜಕೀಯ ಪಕ್ಷದ ಸದಸ್ಯನಾಗಕೂಡದು, ಚುನಾವಣೆಯಲ್ಲಿ ಯಾರ ಪರವಾಗಿಯೂ ಪ್ರಚಾರ ಮಾಡಕೂಡದು. ತನ್ನ ಅಧಿಕಾರವ್ಯಾಪ್ತಿಯ ವ್ಯವಹಾರವುಳ್ಳವರಿಂದ ಕಾಣಿಕೆ ಸ್ವೀಕರಿಸಕೂಡದು. ವ್ಯಾಪಾರದಲ್ಲಿ ತೊಡಗಕೂಡದು, ತನ್ನ ಹೆಸರಿನಲ್ಲಿ ಇಲ್ಲವೆಂದು ಹೇಳಿ ಪತ್ನಿಯ ಅಥವಾ ಮನೆಯವರ ಹೆಸರಿನ ವಿಮಾ ಏಜೆನ್ಸಿಗಾಗಿ ಪೋಷಕರ ಮನೆಬಾಗಿಲಿಗೆ ಹೋಗುವುದೂ ನಿಯಮಭಂಗವೇ. ಆಸ್ತಿಪಾಸ್ತಿಯ ವಿವರವನ್ನು ವರ್ಷಕ್ಕೊಮ್ಮೆ ಒಪ್ಪಿಸಬೇಕು.

ಇವುಗಳ ಹಿಂದಿರುವ ಕಾರಣವನ್ನು ಅರಿತರೆ ನಿಯಮವು ಭಾರವೆನಿಸದು. ಹಳ್ಳಿಯಲ್ಲಿ ಮೇಷ್ಟರ ಮಾತಿಗೆ ತೂಕವುಂಟು. ಆ ತೂಕವು ವ್ಯಕ್ತಿಯದಲ್ಲ, ಆತನು ಕುಳಿತ ಪೀಠದ್ದು. ಪೀಠದ ತೂಕವನ್ನು ಒಂದು ಪಕ್ಷದ ತಕ್ಕಡಿಗೋ ಒಂದು ಅಂಗಡಿಯ ತಕ್ಕಡಿಗೋ ಹಾಕಿದಾಗ ಎದುರು ತಟ್ಟೆಯವರ ಮಕ್ಕಳು ಆ ಶಾಲೆಯಲ್ಲಿ ಪರಕೀಯರಾಗುತ್ತಾರೆ. ನಿಷೇಧವು ಕಾಪಾಡುವುದು ಆ ಮಕ್ಕಳನ್ನು.

ನಿಷೇಧವೆಂದರೆ ಪೌರತ್ವವನ್ನು ಕಳೆದುಕೊಳ್ಳುವುದೆಂದು ಅರ್ಥವಲ್ಲ. ಮತದಾನದ ಹಕ್ಕು ಶಿಕ್ಷಕನಿಗೆ ಎಲ್ಲರಂತೆಯೇ ಉಂಟು. ಅಷ್ಟೇ ಅಲ್ಲ, ಸಂವಿಧಾನದ 171ನೆಯ ಅನುಚ್ಛೇದವು ವಿಧಾನ ಪರಿಷತ್ತಿನಲ್ಲಿ ಶಿಕ್ಷಕರಿಗಾಗಿಯೇ ಸ್ಥಾನಗಳನ್ನು ಮೀಸಲಿರಿಸಿದೆ. ಕರ್ನಾಟಕದ 75 ಸದಸ್ಯರ ಪರಿಷತ್ತಿನಲ್ಲಿ 7 ಮಂದಿಯನ್ನು ಶಿಕ್ಷಕರು ಆರಿಸುತ್ತಾರೆ. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ ಜಿಲ್ಲೆಗಳು ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಸೇರಿವೆ. ಪ್ರೌಢಶಾಲೆಗೆ ಕಡಮೆಯಿಲ್ಲದ ಸಂಸ್ಥೆಯಲ್ಲಿ ಮೂರು ವರ್ಷ ಬೋಧಿಸಿದವರಿಗೆ ಮಾತ್ರ ಈ ಮತವುಂಟು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಈ ಕ್ಷೇತ್ರದಲ್ಲಿ ಮತವಿಲ್ಲವೆಂಬುದನ್ನು ಅನೇಕರು ಅರಿಯರು.

ಇವು ನೌಕರರೆಲ್ಲರಿಗೂ ಹೊಂದುವ ಮಾತುಗಳು. ಶಿಕ್ಷಕರಿಗೇ ವಿಶಿಷ್ಟವಾದ ಕರ್ತವ್ಯಗಳನ್ನು 2010ರ ಏಪ್ರಿಲ್ 1ರಂದು ಜಾರಿಗೆ ಬಂದ 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ ಎಣಿಸಿ ಹೇಳಿದೆ. ಅದರ 24ನೆಯ ಕಲಮಿನಂತೆ ಶಿಕ್ಷಕನು ತಪ್ಪದೆ ವೇಳೆಗೆ ಸರಿಯಾಗಿ ಶಾಲೆಗೆ ಬರತಕ್ಕದ್ದು. ಪಠ್ಯಕ್ರಮವನ್ನು ಗೊತ್ತಾದ ಅವಧಿಯಲ್ಲಿ ಮುಗಿಸತಕ್ಕದ್ದು. ಪ್ರತಿಯೊಂದು ಮಗುವಿನ ಕಲಿಕೆಯ ಶಕ್ತಿಯನ್ನು ಅಳೆದು ಹಿಂದುಳಿದವರಿಗೆ ಹೆಚ್ಚಿನ ಪಾಠವನ್ನು ಒದಗಿಸತಕ್ಕದ್ದು. ಪೋಷಕರನ್ನು ಆಗಾಗ್ಗೆ ಕಂಡು ಮಗುವಿನ ಹಾಜರಿ ಮತ್ತು ಪ್ರಗತಿಯನ್ನು ತಿಳಿಸತಕ್ಕದ್ದು. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ಶಿಕ್ಷಕನ ದುಡಿಮೆ ವಾರಕ್ಕೆ 45 ಗಂಟೆ. ಪಾಠದ ಸಿದ್ಧತೆಗೆ ವ್ಯಯಿಸುವ ವೇಳೆಯೂ ಈ ಗಂಟೆಗಳಲ್ಲಿ ಸೇರಿದೆಯೆಂಬುದು ಗಮನಾರ್ಹ. ಮನೆಯಲ್ಲಿ ದೀಪದ ಮುಂದೆ ಕುಳಿತು ನಾಳಿನ ಪಾಠವನ್ನು ಹೊಂದಿಸಿಕೊಳ್ಳುವ ಉಪಾಧ್ಯಾಯನ ಶ್ರಮವನ್ನು ಶಾಸನವು ಕೆಲಸವೆಂದೇ ಒಪ್ಪಿದೆ. 28ನೆಯ ಕಲಂ ಖಾಸಗಿ ಪಾಠವನ್ನು ನಿಷೇಧಿಸುತ್ತದೆ. ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಸಂಜೆ ಮನೆಯಲ್ಲಿ ಹಣಕ್ಕೆ ಹೇಳುವ ಆಮಿಷವನ್ನು ಬೇರಿನಲ್ಲಿಯೇ ಕೀಳುವುದು ಅದರ ಉದ್ದೇಶ.

ಬೆತ್ತದ ಪ್ರಶ್ನೆ

ಅದೇ ಕಾಯಿದೆಯ 17ನೆಯ ಕಲಂ ಹಳೆಯ ಪೀಳಿಗೆಯ ಅನೇಕರಿಗೆ ಇಂದಿಗೂ ಗಂಟಲಲ್ಲಿ ಇಳಿಯದ ತುತ್ತು. ಮಗುವಿಗೆ ದೈಹಿಕ ದಂಡನೆಯಾಗಲಿ ಮಾನಸಿಕ ಹಿಂಸೆಯಾಗಲಿ ಕೂಡದು. ಮಾಡಿದವನು ತನ್ನ ಸೇವಾನಿಯಮದಂತೆ ಶಿಸ್ತುಕ್ರಮಕ್ಕೆ ಗುರಿಯಾಗತಕ್ಕದ್ದು ಎಂದು ಅದು ವಿಧಿಸುತ್ತದೆ. ಮಗುವಿನ ಪಾಲನೆ ಯಾರ ವಶದಲ್ಲಿದೆಯೋ ಅವರೇ ಕ್ರೌರ್ಯವೆಸಗಿದರೆ 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮಿನ ಮೇರೆಗೆ ಅದು ಅಪರಾಧವೂ ಆಗುತ್ತದೆ.

ಕೂಲಿಮಠದಲ್ಲಿ ಬೆತ್ತವಿತ್ತು, ಕೈಗೆ ಹಗ್ಗ ಕಟ್ಟಿ ತೊಲೆಗೆ ತೂಗುಹಾಕುವ ಕೋದಂಡವೂ ಇತ್ತು. ಏಟು ತಿಂದೇ ವಿದ್ಯೆ ಕಲಿತೆವು ಎಂದು ಹೆಮ್ಮೆಯಿಂದ ಹೇಳುವ ಹಿರಿಯರು ಇಂದಿಗೂ ಇದ್ದಾರೆ. ಆದರೆ ಹೀಗೆ ಹೇಳುವವರು ಕಲಿತು ಉಳಿದವರು. ಏಟಿಗೆ ಹೆದರಿ ಮಠದ ಮೆಟ್ಟಿಲನ್ನೇ ಬಿಟ್ಟು ದನದ ಹಿಂದೆ ಹೋದ ಹುಡುಗರ ಮಾತನ್ನು ಯಾರೂ ಬರೆದಿಡಲಿಲ್ಲ. ಕಡ್ಡಾಯವಾಗಿ ಶಾಲೆಗೆ ಬರಬೇಕೆಂದು ಮಗುವನ್ನು ಕರೆದ ಸಮಾಜವು, ಬಂದ ಮಗು ಹೆದರದೆ ಕುಳಿತಿರುವಂತೆ ಮಾಡುವುದಕ್ಕೂ ಬದ್ಧವಾಗಿರಬೇಕು. ಯಾಸ್ಕನು ನಿರುಕ್ತದಲ್ಲಿ ‘ಆಚಾರ್ಯ’ ಶಬ್ದವನ್ನು ವಿವರಿಸುವಾಗ ಮುಂದಿಟ್ಟುಕೊಂಡದ್ದು ಆಚಾರವನ್ನು ಶಿಷ್ಯನಲ್ಲಿ ನೆಲೆಗೊಳಿಸುವ ಕಾರ್ಯವನ್ನು. ಬಲವು ಬಗ್ಗಿಸುತ್ತದೆ, ನೆಲೆಗೊಳಿಸುವುದಿಲ್ಲ.

ಶಿಕ್ಷಕನಿಂದ ಕೇಳಬಾರದುದು

ಶಿಕ್ಷಕನು ಏನನ್ನು ಮಾಡಬೇಕೆಂಬುದಕ್ಕೆ ಪಟ್ಟಿಯಿರುವಂತೆ, ಆತನಿಂದ ಏನನ್ನು ಮಾಡಿಸಕೂಡದೆಂಬುದಕ್ಕೂ ಶಾಸನದಲ್ಲಿ ಗೆರೆಯುಂಟು. 27ನೆಯ ಕಲಮಿನಂತೆ ಶಿಕ್ಷಣೇತರ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಲಾಗದು. ಇದಕ್ಕೆ ಅಪವಾದಗಳು ಮೂರೇ: ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. 2019ರ ಆಗಸ್ಟ್ ತಿಂಗಳಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗುಪ್ರದೇಶಗಳಿಗೆ ನೀರು ನುಗ್ಗಿದಂತಹ ಸಂದರ್ಭದಲ್ಲಿ ಪರಿಹಾರಕೇಂದ್ರದ ಕೆಲಸಕ್ಕೆ ಕರೆದರೆ ಶಿಕ್ಷಕನು ಹೋಗಬೇಕಾದುದು ಶಾಸನಸಮ್ಮತ. ದೊಡ್ಡ ಜಾತ್ರೆಯ ರಥೋತ್ಸವಕ್ಕೋ ತಿರುಮಕೂಡಲಿನ ಕುಂಭಮೇಳಕ್ಕೋ ಭಕ್ತಿಯಿಂದ ರಜೆಯ ದಿನ ಸ್ವಯಂಸೇವೆ ಮಾಡುವುದು ಆತನ ಇಚ್ಛೆ. ಪಾಠ ನಿಲ್ಲಿಸಿ ಜನಸಂದಣಿ ಕಾಯಲು ಹೋಗೆಂದು ಆಜ್ಞಾಪಿಸಿದರೆ ಅದು ಮೂರು ಅಪವಾದಗಳಲ್ಲಿ ಯಾವುದಕ್ಕೂ ಸೇರದು.

ಈ ಗೆರೆ ಎಷ್ಟು ಸೂಕ್ಷ್ಮವೆಂಬುದು 2025ರಲ್ಲಿ ರಾಜ್ಯಕ್ಕೆಲ್ಲ ಮನದಟ್ಟಾಯಿತು. ಆ ವರ್ಷದ ಸೆಪ್ಟೆಂಬರ್ 22ರಂದು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಮನೆಮನೆಗೆ ಹೋದ ಗಣತಿದಾರರಲ್ಲಿ ಬಹುಪಾಲು ಶಾಲಾಶಿಕ್ಷಕರೇ. ದಸರಾ ರಜೆ ಮುಗಿಯುವುದರೊಳಗೆ ಕೆಲಸ ಪೂರ್ಣವಾಗದೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆಯ ಗುಣದೋಷಗಳು ಇಲ್ಲಿ ಅಪ್ರಸ್ತುತ. ಆದರೆ ರಾಜ್ಯದ ಯಾವ ದೊಡ್ಡ ಕಾರ್ಯಕ್ಕೂ ಕೈಗೆ ಸುಲಭವಾಗಿ ಸಿಗುವವನು ಶಿಕ್ಷಕನೆಂಬುದೂ, ಹಾಗೆ ಕೈಗೆತ್ತಿಕೊಂಡಾಗ ನಷ್ಟವಾಗುವುದು ಮಕ್ಕಳ ಪಾಠದ ದಿನಗಳೆಂಬುದೂ ಅದರಿಂದ ಸ್ಪಷ್ಟವಾಯಿತು. ಆ ದಿನಗಳನ್ನು ಕಾಯುವುದಕ್ಕಾಗಿಯೇ 27ನೆಯ ಕಲಂ ಹುಟ್ಟಿದೆ.

ಆಡಳಿತ ಮಂಡಳಿಗಳೂ ಈ ಮಾತನ್ನು ತಮಗೆ ಅನ್ವಯಿಸಿಕೊಳ್ಳಬೇಕು. ಸಂಸ್ಥೆಯ ಸಮಾರಂಭಕ್ಕೆ ಚಂದಾ ಎತ್ತುವುದು, ಪತ್ರಿಕೆ ಹಂಚುವುದು, ಪಂಕ್ತಿಯಲ್ಲಿ ಬಡಿಸುವುದು ಇವನ್ನು ಶಿಕ್ಷಕರು ಪ್ರೀತಿಯಿಂದ ಮಾಡುತ್ತ ಬಂದಿದ್ದಾರೆ. ದಾಸೋಹವು ಸ್ವಸಂತೋಷದಿಂದ ನಡೆದಾಗ ದಾಸೋಹ. ಹಾಜರಿ ಪುಸ್ತಕದ ಭಯದಿಂದ ನಡೆದಾಗ ಅದು ಬಿಟ್ಟಿ.

ಅಧಿಕಾರದ ನಡೆ

ಇನ್ನು ಎರಡನೆಯ ಭಾಗ. ತಪ್ಪು ನಡೆಯಿತೆಂದು ಭಾವಿಸೋಣ. ಒಂದು ಕಲ್ಪಿತ ನಿದರ್ಶನ: ನದೀತೀರದ ಹಳ್ಳಿಯೊಂದರ ಅನುದಾನಿತ ಶಾಲೆಯಲ್ಲಿ ಸಹಶಿಕ್ಷಕನೊಬ್ಬನು ಪದೇ ಪದೇ ತಡವಾಗಿ ಬರುತ್ತಾನೆ, ಒಂದು ವಾರ ಅರ್ಜಿಯಿಲ್ಲದೆ ಗೈರುಹಾಜರಾಗುತ್ತಾನೆ. ಕುಪಿತರಾದ ಮುಖ್ಯೋಪಾಧ್ಯಾಯರು ವರದಿ ಮಾಡುತ್ತಾರೆ. ಅಂದು ಸಂಜೆಯೇ ಕಾರ್ಯದರ್ಶಿಗಳ ಸಹಿಯುಳ್ಳ ವಜಾ ಆದೇಶ ಕೈಸೇರುತ್ತದೆ. ತಪ್ಪು ನಿಜ, ಆದರೂ ಆದೇಶ ನಿಲ್ಲದು. ಏಕೆ?

ಶಿಕ್ಷಣ ಕಾಯಿದೆಯ 92ನೆಯ ಕಲಮಿನಂತೆ ಖಾಸಗಿ ಸಂಸ್ಥೆಯ ಯಾವ ನೌಕರನನ್ನೂ ವಿಚಾರಣೆಯಿಲ್ಲದೆ ವಜಾ ಮಾಡುವುದಾಗಲಿ, ಸೇವೆಯಿಂದ ತೆಗೆದುಹಾಕುವುದಾಗಲಿ, ಕೆಳದರ್ಜೆಗೆ ಇಳಿಸುವುದಾಗಲಿ ಸಲ್ಲದು. ಸರ್ಕಾರಿ ನೌಕರನಿಗೆ ಇದೇ ರಕ್ಷಣೆಯನ್ನು ಸಂವಿಧಾನದ 311ನೆಯ ಅನುಚ್ಛೇದ ಕೊಟ್ಟಿದೆ. ವಿಚಾರಣೆಯೆಂದರೆ ಕರೆದು ಗದರಿಸುವುದಲ್ಲ. ಅದಕ್ಕೆ ಮೆಟ್ಟಿಲುಗಳಿವೆ. ಮೊದಲು ಯಾವ ದಿನ, ಯಾವ ಕೃತ್ಯ, ಯಾವ ನಿಯಮದ ಭಂಗ ಎಂಬುದನ್ನು ಸ್ಪಷ್ಟಪಡಿಸುವ ದೋಷಾರೋಪಣಾ ಪಟ್ಟಿ. ಅದಕ್ಕೆ ಲಿಖಿತ ಉತ್ತರ ಕೊಡಲು ಕಾಲಾವಕಾಶ. ಬಳಿಕ ಪಕ್ಷಪಾತವಿಲ್ಲದ ವಿಚಾರಣಾಧಿಕಾರಿಯ ಮುಂದೆ ಸಾಕ್ಷ್ಯ. ಎದುರು ಸಾಕ್ಷಿಯನ್ನು ಪ್ರಶ್ನಿಸುವ ಮತ್ತು ತನ್ನ ಸಾಕ್ಷಿಯನ್ನು ಕರೆತರುವ ಹಕ್ಕು. ಕೊನೆಗೆ ಕಾರಣಸಹಿತವಾದ ವರದಿ. ದೂರು ಕೊಟ್ಟವರೇ ವಿಚಾರಣೆ ನಡೆಸಕೂಡದು. ಕಲ್ಪಿತ ನಿದರ್ಶನದ ಮುಖ್ಯೋಪಾಧ್ಯಾಯರು ಸಾಕ್ಷಿಯಾಗಬಹುದೇ ಹೊರತು ವಿಚಾರಣಾಧಿಕಾರಿಯಾಗಲಾರರು. ವರದಿಯ ಪ್ರತಿಯನ್ನು ಆಪಾದಿತನಿಗೆ ಕೊಟ್ಟು ಆತನ ಮಾತನ್ನು ಕೇಳಿದ ನಂತರವೇ ಆದೇಶ ಹೊರಡಬೇಕೆಂದು 1993ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ನಿರ್ಣಯಿಸಿದೆ.

ದಂಡನೆಯಲ್ಲಿಯೂ ತಾರತಮ್ಯವುಂಟು. ವಾಗ್ದಂಡನೆ, ವೇತನ ಬಡ್ತಿಯ ತಡೆ ಮುಂತಾದುವು ಲಘು ದಂಡನೆಗಳು. ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ವಜಾ ಇವು ಕಠಿನ ದಂಡನೆಗಳು. ಕೊನೆಯ ಎರಡರ ನಡುವೆಯೂ ಭೇದವಿದೆ. ಸರ್ಕಾರಿ ಸೇವೆಯಿಂದ ತೆಗೆದುಹಾಕಲ್ಪಟ್ಟವನಿಗೆ ಮುಂದೆ ಸರ್ಕಾರಿ ಕೆಲಸದ ಬಾಗಿಲು ಮುಚ್ಚುವುದಿಲ್ಲ. ವಜಾ ಆದವನಿಗೆ ಸಾಮಾನ್ಯವಾಗಿ ಅದು ಮುಚ್ಚುತ್ತದೆ. ತಡವಾಗಿ ಬಂದ ದೋಷಕ್ಕೆ ವಜಾ ಮಾಡುವುದು ಇಲಿಯನ್ನು ಹಿಡಿಯಲು ಮನೆಗೆ ಬೆಂಕಿಯಿಟ್ಟಂತೆ.

ಅಮಾನತು ದಂಡನೆಯೇ ಅಲ್ಲ. ವಿಚಾರಣೆ ಸುಗಮವಾಗಿ ನಡೆಯಲೆಂದು ನೌಕರನನ್ನು ತಾತ್ಕಾಲಿಕವಾಗಿ ದೂರವಿರಿಸುವ ಉಪಾಯ. ಆ ಕಾಲದಲ್ಲಿ ಜೀವನಾಧಾರ ಭತ್ಯೆ ಸಲ್ಲಬೇಕು. ಇದರ ಮಹತ್ತ್ವವನ್ನು ಎತ್ತಿಹಿಡಿದ ತೀರ್ಪು ಕರ್ನಾಟಕದ ನೆಲದಿಂದಲೇ ಹೊಮ್ಮಿದೆ. ಕೋಲಾರ ಚಿನ್ನದ ಗಣಿಯ ಭದ್ರತಾಧಿಕಾರಿಯೊಬ್ಬರನ್ನು 1985ರಲ್ಲಿ ಅಮಾನತಿನಲ್ಲಿರಿಸಲಾಯಿತು. ಭತ್ಯೆ ದೊರೆಯದೆ ಕೇರಳದ ತಮ್ಮ ಊರಿನಿಂದ ವಿಚಾರಣೆಗೆ ಬರಲು ದಾರಿಯ ಖರ್ಚಿಗೂ ಹಣವಿಲ್ಲದಾಯಿತು. ಅವರ ಗೈರುಹಾಜರಿಯಲ್ಲಿ ವಿಚಾರಣೆ ಮುಗಿದು ಅವರು ಕೆಲಸ ಕಳೆದುಕೊಂಡರು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಚಾರಣೆಯನ್ನು ಅಸಿಂಧುವೆಂದು ಸಾರಿತು. ಅಮಾನತಾದರೂ ನೌಕರ ನೌಕರನೇ, ಆತನಿಗೆ ಬದುಕುವ ಹಕ್ಕುಂಟು ಎಂಬುದು ಆ ತೀರ್ಪಿನ ಸಾರ.

ಅನ್ಯಾಯವಾಯಿತೆಂದು ತೋರಿದರೆ ಖಾಸಗಿ ಶಾಲೆಯ ಶಿಕ್ಷಕನು ಎಲ್ಲಿಗೆ ಹೋಗಬೇಕು? ಕಾರ್ಮಿಕ ನ್ಯಾಯಾಲಯದ ಬಾಗಿಲು ಆತನಿಗಿಲ್ಲ. ಬೋಧನೆಯು ಕಾರ್ಮಿಕನ ಕೆಲಸದ ವರ್ಗಕ್ಕೆ ಸೇರದೆಂದು 1988ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿತು. ಈ ಕೊರತೆಯನ್ನು ಕರ್ನಾಟಕದ ಶಾಸನ ತುಂಬಿದೆ. ಶಿಕ್ಷಣ ಕಾಯಿದೆಯ 94ನೆಯ ಕಲಮಿನಂತೆ ಆದೇಶ ತಲಪಿದ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಮೊರೆಹೋಗಬಹುದು. 96ನೆಯ ಕಲಮಿನ ಆ ಮಂಡಳಿಯಲ್ಲಿ ಕುಳಿತುಕೊಳ್ಳುವವರು ಜಿಲ್ಲಾ ನ್ಯಾಯಾಧೀಶರ ದರ್ಜೆಗೆ ಕಡಮೆಯಿಲ್ಲದವರು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಸಿದ್ಧ ವ್ಯಾಜ್ಯದಲ್ಲಿ ಹನ್ನೊಂದು ಮಂದಿ ನ್ಯಾಯಮೂರ್ತಿಗಳ ಪೀಠವು ಎರಡು ಮಾತುಗಳನ್ನು ಒಟ್ಟಿಗೆ ಹೇಳಿತು: ಖಾಸಗಿ ಸಂಸ್ಥೆಗೆ ತನ್ನ ಸಿಬ್ಬಂದಿಯನ್ನು ಶಿಸ್ತಿಗೆ ಒಳಪಡಿಸುವ ಸ್ವಾತಂತ್ರ್ಯವುಂಟು, ನೊಂದ ನೌಕರನಿಗೆ ಸಮೀಪದಲ್ಲಿಯೇ ಒಂದು ನ್ಯಾಯಮಂಡಳಿ ಇರಬೇಕು.

ಮೂರು ತಿಂಗಳ ಗಡುವನ್ನು ಅರಿಯದೆ, ಹಿರಿಯರ ಮನವೊಲಿಸಿದರಾಯಿತೆಂದು ಕಾದು ಕುಳಿತು, ಅವಧಿ ಮೀರಿದ ನಂತರ ವಕೀಲರನ್ನು ಕಾಣುವುದು ನೊಂದವನಿಗೆ ಹಾನಿಕರ. ವಿಚಾರಣೆಯ ಮೆಟ್ಟಿಲುಗಳನ್ನು ಹಾರಿದ ಸಂಸ್ಥೆಗೂ ಅಷ್ಟೇ ಹಾನಿಯುಂಟು: ವರ್ಷಗಳ ನಂತರ ಆದೇಶ ರದ್ದಾಗಿ ಹಿಂಬಾಕಿ ವೇತನದ ಹೊರೆ ಬಿದ್ದಾಗ, ದಾನಿಗಳು ಕಟ್ಟಡಕ್ಕೆಂದು ಕೊಟ್ಟ ಹಣವೇ ಅದಕ್ಕೆ ಸುರಿಯಬೇಕಾದೀತು.

ಮೌನವು ಮರ್ಯಾದೆಯಲ್ಲ

ಎಲ್ಲ ದೋಷಗಳನ್ನೂ ಶಾಲೆಯ ನಾಲ್ಕು ಗೋಡೆಗಳ ನಡುವೆ ತೀರ್ಮಾನಿಸುವ ಅಧಿಕಾರ ಸಂಸ್ಥೆಗಿಲ್ಲ. ವಸತಿನಿಲಯಗಳನ್ನು ನಡೆಸುವ ಮಠ ಮತ್ತು ಸಂಸ್ಥೆಗಳು ಇದನ್ನು ವಿಶೇಷವಾಗಿ ನೆನಪಿಡಬೇಕು. 2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯಿದೆಯಂತೆ, ಶಿಕ್ಷಣಸಂಸ್ಥೆಯ ಅಥವಾ ಧಾರ್ಮಿಕಸಂಸ್ಥೆಯ ಆಡಳಿತದವರಾಗಲಿ ಸಿಬ್ಬಂದಿಯಾಗಲಿ ಅಲ್ಲಿನ ಮಗುವಿನ ಮೇಲೆ ಎಸಗುವ ಅಪರಾಧವು ಇತರರು ಎಸಗಿದ್ದಕ್ಕಿಂತ ಹೆಚ್ಚು ಗುರುತರ. ಅಂತಹ ಸಂಗತಿ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು 19ನೆಯ ಕಲಂ ವಿಧಿಸುತ್ತದೆ. ತಿಳಿಸದೆ ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು.

ಸಂಸ್ಥೆಯ ಹೆಸರು ಕೆಟ್ಟೀತೆಂಬ ಅಳುಕು ಸಹಜ. ಆದರೆ ಹೆಸರನ್ನು ಉಳಿಸಲೆಂದು ಮಗುವಿನ ಬಾಯಿಯನ್ನು ಮುಚ್ಚಿಸಿದಂದು ಉಳಿಯುವುದು ಹೆಸರಷ್ಟೇ, ಸಂಸ್ಥೆಯಲ್ಲ. ದಾನಿಗಳು ಕಾಣಿಕೆ ಕೊಡುವುದು ಕಲ್ಲುಗಾರೆಗಲ್ಲ. ತಮ್ಮ ಮಕ್ಕಳಂತಹ ಮಕ್ಕಳು ಅಲ್ಲಿ ನಿರ್ಭಯವಾಗಿ ಮಲಗಿ ಏಳುವರೆಂಬ ನಂಬಿಕೆಗೆ.

ಉಪಾಧ್ಯಾಯಿನಿಯರ ವಿಷಯದಲ್ಲಿಯೂ ಹಾಗೆಯೇ. 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿಯೊಂದು ಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರತಕ್ಕದ್ದು. ಅದರ ಅಧ್ಯಕ್ಷೆ ಹಿರಿಯ ಮಹಿಳೆ. ಸದಸ್ಯರಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಮಹಿಳೆಯರು. ಒಬ್ಬರು ಸಂಸ್ಥೆಯ ಹೊರಗಿನವರು. ಕಾಗದದ ಮೇಲೆ ಮಾತ್ರ ಇರುವ ಸಮಿತಿ ಇದ್ದೂ ಇಲ್ಲದಂತೆ.

ಹಣದ ವಿಷಯದಲ್ಲಿ ಒಂದು ಮಾತು. ಅನುದಾನಿತ ಸಂಸ್ಥೆಯ ನೌಕರನು ತಾನು ಸರ್ಕಾರಿ ನೌಕರನಲ್ಲವಾದುದರಿಂದ ಲಂಚದ ಕಾನೂನು ತನಗೆ ತಗಲದೆಂದು ಭಾವಿಸಿದರೆ ಅದು ಭ್ರಮೆ. 1988ರ ಭ್ರಷ್ಟಾಚಾರ ತಡೆ ಕಾಯಿದೆಯು ಸರ್ಕಾರದ ನೆರವು ಪಡೆಯುವ ಶಿಕ್ಷಣಸಂಸ್ಥೆಯ ಪದಾಧಿಕಾರಿಗಳನ್ನೂ ನೌಕರರನ್ನೂ ಸಾರ್ವಜನಿಕ ಸೇವಕರೆಂದೇ ಎಣಿಸಿದೆ. ವರ್ಗಾವಣೆ ಪತ್ರ ಕೊಡಲು ಕೈಯೊಡ್ಡುವ ಗುಮಾಸ್ತನಿಗೂ ನೇಮಕಕ್ಕೆ ಹಣ ಕೇಳುವ ಪದಾಧಿಕಾರಿಗೂ ಈ ಕಾನೂನು ಒಂದೇ.

ಮಾಡಬೇಕಾದುದು

ನಂಜನಗೂಡಿನ ಕೈಗಾರಿಕಾ ಪ್ರದೇಶದಂತಹ ಕಡೆಗಳಲ್ಲಿ ದೊಡ್ಡ ಕಾರ್ಖಾನೆಗಳಿಗೆ ಸ್ಥಾಯೀ ಆದೇಶಗಳೆಂಬ ನಿಯಮಾವಳಿಯುಂಟು. ಅದನ್ನು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಅವರು ಒಳಹೋಗುವ ಬಾಗಿಲ ಬಳಿ ತೂಗುಹಾಕಬೇಕೆಂಬುದು 1946ರ ಶಾಸನದಿಂದ ಬಂದ ಪದ್ಧತಿ. ಯಂತ್ರದ ಮುಂದೆ ನಿಲ್ಲುವವನಿಗೆ ತನ್ನ ನಿಯಮ ಬಾಗಿಲಲ್ಲೇ ಕಾಣಬೇಕೆಂದಾದರೆ, ಮಕ್ಕಳ ಮುಂದೆ ನಿಲ್ಲುವವನಿಗೆ ತನ್ನ ನಿಯಮ ಕಚೇರಿಯ ಬೀರುವಿನೊಳಗೆ ಅಡಗಿರುವುದು ನ್ಯಾಯವೆ?

ಆದುದರಿಂದ ಪ್ರತಿಯೊಂದು ಶಾಲೆಯೂ ಕೆಲವು ಕಾರ್ಯಗಳನ್ನ�� ಕೈಗೊಳ್ಳುವುದು ಉಚಿತ. ಹೊಸದಾಗಿ ಬಂದ ಶಿಕ್ಷಕನಿಗೆ ನೇಮಕದ ಆದೇಶದೊಡನೆಯೇ ನಡತೆ ನಿಯಮಗಳ ಕನ್ನಡ ಪ್ರತಿಯನ್ನು ಕೊಡಬೇಕು. ಸೇವಾ ಪುಸ್ತಕವನ್ನು ಕಾಲಕಾಲಕ್ಕೆ ತುಂಬಿ ವರ್ಷಕ್ಕೊಮ್ಮೆ ನೌಕರನಿಗೆ ತೋರಿಸಿ ಸಹಿ ಪಡೆಯಬೇಕು. ಬಾಯಿಮಾತಿನ ಆರೋಪವನ್ನು ಬರವಣಿಗೆಗೆ ಇಳಿಸದೆ ಯಾವ ಕ್ರಮವನ್ನೂ ಜರುಗಿಸಬಾರದು. ಶಿಕ್ಷಕನ ಅಹವಾಲನ್ನು ಕೇಳುವ ವ್ಯವಸ್ಥೆಯೂ ಇರಬೇಕು. ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಕಲಂ ಕರ್ತವ್ಯಗಳನ್ನು ಎಣಿಸಿದ ಉಸಿರಿನಲ್ಲಿಯೇ ಶಿಕ್ಷಕರ ಕುಂದುಕೊರತೆಗಳ ನಿವಾರಣೆಯನ್ನೂ ಹೇಳಿದೆಯೆಂಬುದನ್ನು ಮರೆಯಲಾಗದು.

ಶಿವಶರಣರ ಪರಂಪರೆಯಲ್ಲಿ ಕಾಯಕವೆಂದರೆ ಕೇವಲ ದುಡಿಮೆಯಲ್ಲ, ಶುದ್ಧವಾದ ದುಡಿಮೆ. ಆ ಶುದ್ಧಿಯನ್ನು ದುಡಿಯುವವನಿಂದ ಮಾತ್ರ ಬಯಸಿ ದುಡಿಸುವವನನ್ನು ಅದರಿಂದ ಹೊರಗಿಡುವುದು ಆ ಪರಂಪರೆಗೆ ಸಮ್ಮತವಲ್ಲ. ತಿರುಮಕೂಡಲಿನಲ್ಲಿ ಕಪಿಲೆಯೂ ಕಾವೇರಿಯೂ ಕೂಡಿದ ನಂತರ ಮುಂದೆ ಹರಿಯುವ ನೀರಿನಲ್ಲಿ ಇದು ಅದರದು, ಅದು ಇದರದು ಎಂದು ಬೇರ್ಪಡಿಸಲು ಬಾರದು. ಶಾಲೆಯಲ್ಲಿಯೂ ಶಿಕ್ಷಕನ ನಡತೆ, ಅಧಿಕಾರದ ನಡವಳಿ ಎಂಬ ಎರಡು ಹರಿವುಗಳು ಕೂಡುತ್ತವೆ. ಅವುಗಳಲ್ಲಿ ಯಾವುದೊಂದು ಕಲುಷಿತವಾದರೂ ಕುಡಿಯುವವರು ಮಕ್ಕಳೇ.